ಹೊಸ ಟೂರರ್‌ನಲ್ಲಿ ಎಂಜಿನ್ನಿಗೆ ಸಿಕ್ಕಿದ್ದೆಷ್ಟು, ಬೆನ್ನಿಗೆ ಸಿಕ್ಕಿದ್ದೆಷ್ಟು?

ದೂರದಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ. ಬೇಜಾರಾದರೆ ಸೀದಾ ಕೊನೆಯ ಪ್ಯಾರಾಕ್ಕೆ ಹೋಗಿ.

ನನ್ನದು ಹನ್ನೆರಡು ವರ್ಷ ಹಳೆಯ ನಾಲ್ಕು ಸಿಲಿಂಡರಿನ ಟೂರರ್, ಅಂದರೆ ದೂರ ಪ್ರಯಾಣಕ್ಕೆಂದೇ ಮಾಡಿದ ಟೂರಿಂಗ್ ಬೈಕು. ಯಾವ ಕಂಪನಿ ಅನ್ನುವುದು ಇಲ್ಲಿ ಬೇಡ. ಗೆಳೆಯನೊಬ್ಬ ಈಚಿನ ಹೋಂಡಾ ಗೋಲ್ಡ್ ವಿಂಗ್ ಟೂರ್ ತಗೊಂಡಿದ್ದಾನೆ, ಕ್ಲಚ್ ಹಿಡಿಯದೆ ತಾನಾಗಿ ಗೇರ್ ಬದಲಿಸುವ ಡಿಸಿಟಿ ಗೇರ್‌ಬಾಕ್ಸ್ ಇರುವುದು. ಎರಡು ದಿನ ಬೈಕ್ ಅದಲು ಬದಲು ಮಾಡಿಕೊಂಡೆವು. ಮನೆಯವರನ್ನು ಹಿಂದೆ ಕೂರಿಸಿಕೊಂಡು, ಮೂರು ಪೆಟ್ಟಿಗೆಗೂ ಸಾಮಾನು ತುಂಬಿಕೊಂಡು 1100 ಕಿ.ಮೀ. ಓಡಿಸಿದೆ.

ಮೊದಲು ಗಮನಕ್ಕೆ ಬಂದದ್ದು ಎಂಜಿನ್ ಅಲ್ಲ. ಹ್ಯಾಂಡಲ್ ಬುಡದಲ್ಲಿ, ಮೀಟರಿಗಿಂತ ಈಚೆಗೆ, ಎರಡು ಸರಳುಗಳಿವೆ. ರಸ್ತೆ ಕೆಟ್ಟಾಗ ಅವು ಮೇಲೆ ಕೆಳಗೆ ಕುಣಿಯುತ್ತವೆ. ಹ್ಯಾಂಡಲ್ ಮಾತ್ರ ಸುಮ್ನಿರುತ್ತದೆ. ಮುಂದಿನ ಚಕ್ರದ ಗೋಳು ಕಣ್ಣಿಗೆ ಕಾಣುತ್ತದೆ, ಕೈಗೆ ಬರುವುದಿಲ್ಲ. ಮೊದಲ ಅರ್ಧ ಗಂಟೆ ಅದನ್ನೇ ನೋಡಿಕೊಂಡು ಹೋದೆ. "ರಸ್ತೆ ನೋಡ್ರೀ" ಅಂತ ಹಿಂದಿನಿಂದ ಬೈಗುಳವೂ ಬಂತು.

ಎಂಜಿನ್ 1833 ಸಿಸಿ. ಆರು ಸಿಲಿಂಡರು, ಮೂರು ಎಡಕ್ಕೆ ಮೂರು ಬಲಕ್ಕೆ ಮಲಗಿಸಿದ್ದಾರೆ. ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, 170 ನ್ಯೂಟನ್ ಮೀಟರ್, ಅದೂ 4500 ಆರ್‌ಪಿಎಂಗೇ (ನಿಮಿಷಕ್ಕೆ 4500 ಸುತ್ತಿಗೇ). ನನ್ನ ಬೈಕಿನಲ್ಲಿ 4500 ಅಂದರೆ ಎಂಜಿನ್ ಆಗಷ್ಟೇ ಕಣ್ಣು ಬಿಡುವ ಹೊತ್ತು. ಇದರಲ್ಲಿ ಅಷ್ಟೊತ್ತಿಗೆ ಓವರ್‌ಟೇಕ್ ಮುಗಿದು ನಮ್ಮ ಸಾಲಿಗೆ ವಾಪಸ್ ಬಂದಿರುತ್ತೇವೆ.

ಎರಡು ದೂರು ಇವೆ. ಒಂದು, ಗುಂಡಿ ಸಿಕ್ಕಾಗೆಲ್ಲ ಹಿಂದಿನ ಚಕ್ರ ಧಡ್ ಅಂತ ಪೂರ್ತಿ ಕುಸಿದು ಬಡಿಯುತ್ತಿತ್ತು. ಇಷ್ಟು ದೊಡ್ಡ ಬೈಕಿಗೆ ಹೀಗಾ ಅನ್ನಿಸಿತು. ಎರಡು, ವಿಂಡ್‌ಶೀಲ್ಡ್ ಬಟನ್ ಒತ್ತಿ ಪೂರ್ತಿ ಮೇಲೆತ್ತಿದ್ದೆ. ನನಗೆ ಆರಾಮ. ಹಿಂದೆ ಕೂತವರಿಗೆ ಮಧ್ಯಾಹ್ನದ ಹೊತ್ತಿಗೆ ತಲೆನೋವು.

ನನ್ನ ಪ್ರಶ್ನೆ ಇಷ್ಟೇ. ಹಳೆಯ ಟೂರರ್ ಬಿಟ್ಟು ಹೊಸದಕ್ಕೆ ಹೋದವರು ಹೇಳಿ. ಮೊದಲ ಹತ್ತು ನಿಮಿಷದಲ್ಲಿ ಎಲ್ಲ ಹೊಸ ಬೈಕೂ ಚಂದವೇ. ದಿನದ ಆರನೇ ಗಂಟೆಯಲ್ಲಿ ನಿಮಗೆ ನಿಜವಾಗಿ ಉಪಕಾರ ಮಾಡಿದ್ದು ಯಾವ ಬದಲಾವಣೆ? ಎಂಜಿನ್ನಾ, ಸೀಟಾ, ಬೇರೆ ಏನಾದರಾ?

ಸ್ಪ್ಯಾನರ್12

ಸರ್, ಮಿಕ್ಕಿದ್ದೆಲ್ಲ ಆಮೇಲೆ. ಹಿಂದಿನ ಸಸ್ಪೆನ್ಷನ್ ಪ್ರೀಲೋಡ್, ಅಂದರೆ ಭಾರಕ್ಕೆ ತಕ್ಕಂತೆ ಸ್ಪ್ರಿಂಗನ್ನು ಮೊದಲೇ ಬಿಗಿ ಮಾಡುವ ಸೆಟ್ಟಿಂಗ್, ಯಾವುದರಲ್ಲಿ ಇಟ್ಟಿದ್ದಿರಿ? ಪರದೆಯಲ್ಲಿ ಹೆಲ್ಮೆಟ್ ಚಿತ್ರ ಬರುತ್ತದಲ್ಲ, ಎಷ್ಟು ಹೆಲ್ಮೆಟ್ ಇತ್ತು?

ದೂರದಾರಿ

ಒಂದು.

ಛೇ. ಎರಡು ದಿನ ಆ ಚಿತ್ರ ಕಣ್ಣ ಮುಂದೆಯೇ ಇತ್ತು. ಹೆಲ್ಮೆಟ್ ಹಾಕಿಕೊಳ್ಳಿ ಅನ್ನುವ ಎಚ್ಚರಿಕೆ ಇರಬೇಕು ಅಂದುಕೊಂಡಿದ್ದೆ.

ಸ್ಪ್ಯಾನರ್12

ನಗಬಾರದು, ಆದರೂ ನಕ್ಕೆ. ನೀವೊಬ್ಬರೇ ಅಲ್ಲ ಬಿಡಿ. ನನ್ನ ಹತ್ತಿರ ಬರುವ ಟೂರಿಂಗ್ ಬೈಕುಗಳಲ್ಲಿ ಹೆಚ್ಚಿನವು ಅಂಗಡಿಯಿಂದ ಹೊರಬಿದ್ದ ದಿನದ ಸೆಟ್ಟಿಂಗಿನಲ್ಲೇ ಇರುತ್ತವೆ.

ಅದರಲ್ಲಿ ನಾಲ್ಕು ಆಯ್ಕೆ ಇದೆ: ಒಬ್ಬರೇ, ಒಬ್ಬರು ಮತ್ತು ಸಾಮಾನು, ಇಬ್ಬರು, ಇಬ್ಬರು ಮತ್ತು ಸಾಮಾನು. ನೀವು ಓಡಿಸಿದ್ದು ನಾಲ್ಕನೆಯ ಭಾರ, ಸೆಟ್ಟಿಂಗ್ ಮೊದಲನೆಯದು. ಸ್ಪ್ರಿಂಗ್ ಆಗಲೇ ಅರ್ಧಕ್ಕಿಂತ ಜಾಸ್ತಿ ಕೂತುಬಿಟ್ಟಿರುತ್ತದೆ. ಗುಂಡಿಗೆ ಅಂತ ಉಳಿಯುವುದು ಸ್ವಲ್ಪವೇ. ಅದು ಮುಗಿದ ಮೇಲೆ ಧಡ್. ಇನ್ನೊಂದು ತೊಂದರೆ: ಹಿಂಭಾಗ ಕುಸಿದಾಗ ಮುಂಭಾಗ ಎದ್ದು ನಿಲ್ಲುತ್ತದೆ. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ತಿರುವಿನಲ್ಲಿ ಬೈಕು ಬಾಗಲು ಸೋಮಾರಿತನ ಮಾಡುತ್ತದೆ. ವಿಂಡ್‌ಶೀಲ್ಡ್ ಕೋನವೂ ಬದಲಾಗುತ್ತದೆ. ನಿಮ್ಮ ಎರಡನೇ ದೂರಿಗೂ ಇದು ಸ್ವಲ್ಪ ಕಾರಣ ಇದ್ದೀತು.

ಟಾರ್ಕ್ ಪ್ರಿಯ

ಎಂಜಿನ್ ವಿಷಯಕ್ಕೆ ಬರೋಣ. ಟೂರರ್ ಎಂಜಿನ್ನಿಗೆ ಹೊಸತನ ಕೊಡುವುದು ಅಂದರೆ ಏನು ಅಂತ ತಿಳಿಯಬೇಕಾದರೆ ಬಿಎಂಡಬ್ಲ್ಯು ಕೆ1600 ನೋಡಿ. 2011ರಲ್ಲಿ ಬಂದಾಗ 1649 ಸಿಸಿ, ಸಾಲಾಗಿ ಆರು ಸಿಲಿಂಡರು, 160 ಹಾರ್ಸ್‌ಪವರ್, 175 ನ್ಯೂಟನ್ ಮೀಟರ್. 2022ರ ಮಾದರಿಯಲ್ಲಿ ಎಷ್ಟಾಯಿತು? ಅದೇ 160. ಕೆಲವರು "ಹನ್ನೊಂದು ವರ್ಷ ಏನು ಮಾಡ್ತಿದ್ರು" ಅಂತ ಗೇಲಿ ಮಾಡಿದರು.

ಆದರೆ ಆ 160 ಮೊದಲು ಸಿಗುತ್ತಿದ್ದದ್ದು 7750 ಆರ್‌ಪಿಎಂನಲ್ಲಿ. ಈಗ 6750ರಲ್ಲಿ. ಟಾರ್ಕ್ 180ಕ್ಕೆ ಏರಿತು. ಹೊಗೆಯ ನಿಯಮ ಬಿಗಿಯಾದ ಮೇಲೆ ಕೂಡ ಇದನ್ನು ಮಾಡಿದ್ದಾರೆ. ಓಡಿಸುವವರಿಗೆ ಇದರ ಅರ್ಥ ಏನಂದರೆ, ಏರಿನಲ್ಲಿ ಭಾರ ಹೊತ್ತು ಹೋಗುವಾಗ ಒಂದು ಗೇರ್ ಕೆಳಗಿಳಿಸುವ ಕೆಲಸ ಉಳಿಯಿತು. ಒಂದು ಸಲಕ್ಕೆ ಅದೇನು ಮಹಾ ಅಲ್ಲ. ದಿನಕ್ಕೆ ಇನ್ನೂರು ಸಲ ಆ ಕೆಲಸ ಉಳಿದರೆ ಎಡಗೈ, ಎಡಗಾಲು, ಕಿವಿ ಮೂರಕ್ಕೂ ಗೊತ್ತಾಗುತ್ತದೆ. ಹಾಗಾಗಿ ಎಂಜಿನ್ ಬೇರೆ, ಆರಾಮ ಬೇರೆ ಅಂತ ನಾನು ಒಪ್ಪುವುದಿಲ್ಲ. ಕೆಳಗಿನಿಂದಲೇ ಎಳೆಯುವ ಎಂಜಿನ್ ಇದ್ದರೆ ಅದೇ ದೊಡ್ಡ ಆರಾಮ.

ಬಾಕ್ಸರ್ ಭಕ್ತ

ಇದಕ್ಕೆ ನನ್ನದೂ ಒಂದು ಮಾತು. ನಾನು ಬಿಎಂಡಬ್ಲ್ಯುವಿನದೇ ಎರಡು ಸಿಲಿಂಡರಿನ ಟೂರರ್ ಆರ್1200ಆರ್‌ಟಿಯಿಂದ ಆರ್1250ಆರ್‌ಟಿಗೆ ಬಂದವನು. 1170 ಸಿಸಿ ಇದ್ದದ್ದು 1254 ಆಯಿತು, 125 ಹಾರ್ಸ್‌ಪವರ್ 136 ಆಯಿತು, ಟಾರ್ಕ್ 125ರಿಂದ 143ಕ್ಕೆ. ಕಾಗದದ ಮೇಲೆ ಇಷ್ಟು. ನನಗೆ ಇಷ್ಟವಾದದ್ದು ಶಿಫ್ಟ್‌ಕ್ಯಾಮ್.

ಗಾಳಿ ಒಳಬಿಡುವ ಇಂಟೇಕ್ ಕವಾಟ ತೆರೆಯುವ ಶಾಫ್ಟಿನ ಮೇಲೆ ಪ್ರತಿ ಕವಾಟಕ್ಕೂ ಅಕ್ಕಪಕ್ಕ ಎರಡೆರಡು ಉಬ್ಬು ಇವೆ, ಒಂದು ಸಣ್ಣದು, ಒಂದು ದೊಡ್ಡದು. ನಿಧಾನವಾಗಿ ಹೋಗುವಾಗ ಸಣ್ಣದು ಕೆಲಸ ಮಾಡುತ್ತದೆ. ಕವಾಟ ಸ್ವಲ್ಪವೇ ತೆರೆಯುವುದರಿಂದ ಗಾಳಿ ರಭಸದಿಂದ ಸುತ್ತಿಕೊಂಡು ಒಳಗೆ ಬರುತ್ತದೆ, ಪೆಟ್ರೋಲು ಚೆನ್ನಾಗಿ ಬೆರೆಯುತ್ತದೆ. ಜೋರಾಗಿ ತಿರುಗಿಸಿದಾಗ ಒಂದು ಪಿನ್ ಇಳಿದು ಶಾಫ್ಟಿನ ತೋಡಿನಲ್ಲಿ ಸಿಕ್ಕಿಕೊಳ್ಳುತ್ತದೆ, ಶಾಫ್ಟು ಪಕ್ಕಕ್ಕೆ ಸರಿಯುತ್ತದೆ, ದೊಡ್ಡ ಉಬ್ಬು ಕೆಲಸಕ್ಕೆ ಬರುತ್ತದೆ. ಒಂದೇ ಎಂಜಿನ್ನಿಗೆ ಎರಡು ಸ್ವಭಾವ. ಬದಲಾಗುವ ಕ್ಷಣ ಗೊತ್ತಾಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಹೊಸದರಲ್ಲಿ ನಾನು ಕಿವಿಗೊಟ್ಟು ಕೇಳಿದ್ದೇ ಕೇಳಿದ್ದು. ಸದ್ದು ಚೂರು ದಪ್ಪಗಾಗುತ್ತದೆ, ಅಷ್ಟೇ.

ಇನ್ನೊಂದು ಸತ್ಯವನ್ನೂ ಹೇಳಿಬಿಡುತ್ತೇನೆ. ಎರಡು ಸಿಲಿಂಡರನ್ನು ಎದುರುಬದುರಾಗಿ ಮಲಗಿಸಿದ ಬಾಕ್ಸರ್ ಎಂಜಿನ್ ಎಷ್ಟೇ ಪಳಗಿದರೂ ಆರು ಸಿಲಿಂಡರಿನ ನುಣುಪು ಬರುವುದಿಲ್ಲ. ನಿಂತಲ್ಲೇ ಥ್ರಾಟಲ್ ತಿರುಗಿಸಿದರೆ ಬೈಕು ಪಕ್ಕಕ್ಕೆ ಒಮ್ಮೆ ಭುಜ ಕುಣಿಸುತ್ತದೆ. ನನಗೆ ಅದು ಇಷ್ಟ. ನನ್ನ ಅಣ್ಣನಿಗೆ ಆಗಲ್ಲ.

ಹಳೇ ಕಾರ್ಬ್

ನಿಮ್ಮೆಲ್ಲರಿಗಿಂತ ಹಳಬ ನಾನು. ಒಂದು ಲೆಕ್ಕ ಕೊಡುತ್ತೇನೆ, ನೋಡಿ.

ಮೊದಲ ಗೋಲ್ಡ್ ವಿಂಗ್ ಲೋಕಕ್ಕೆ ಮುಖ ತೋರಿಸಿದ್ದು 1974ರಲ್ಲಿ. 999 ಸಿಸಿ, ನಾಲ್ಕು ಸಿಲಿಂಡರು, ನೀರಿನಿಂದ ತಣಿಸುವ ಎಂಜಿನ್, ಚೈನ್ ಬದಲು ಶಾಫ್ಟ್. ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗೆ. ಟೂರಿಂಗಿಗೆ ಬೇಕಾದ ಎಂಜಿನ್ ಎಲ್ಲ ಇತ್ತು, ಗಾಳಿಗೆ ಅಡ್ಡ ಏನೂ ಇರಲಿಲ್ಲ. ಬರೀ ಬೆತ್ತಲೆ ಬೈಕು. ಜನ ತಾವೇ ಹೊರಗಿನಿಂದ ಫೇರಿಂಗ್ (ಗಾಳಿ ತಡೆಯುವ ಮುಂದಿನ ಹೊದಿಕೆ) ತಂದು ಕಟ್ಟಿಕೊಂಡರು, ಪೆಟ್ಟಿಗೆ ಕಟ್ಟಿಕೊಂಡರು. ಕಂಪನಿ ತಾನೇ ಫೇರಿಂಗ್, ಪೆಟ್ಟಿಗೆ ಹಾಕಿ ಕೊಡಲು ಶುರು ಮಾಡಿದ್ದು 1980ರಲ್ಲಿ, 1085 ಸಿಸಿ ಬಂದಾಗ. ಅಂದರೆ ಆರಾಮ ಅನ್ನುವುದನ್ನು ಈ ಬೈಕಿಗೆ ಮೊದಲು ತಂದವರು ಓಡಿಸುವ ಜನ, ಎಂಜಿನಿಯರುಗಳಲ್ಲ.

ಆಮೇಲೆ 1984ಕ್ಕೆ 1182 ಸಿಸಿ. 1988ಕ್ಕೆ 1520 ಸಿಸಿ, ಆರು ಸಿಲಿಂಡರು, ಜೊತೆಗೆ ಹಿಂದಕ್ಕೆ ಹೋಗಲು ಸ್ಟಾರ್ಟರ್ ಮೋಟರಿನ ಸಹಾಯ. 2001ಕ್ಕೆ 1832 ಸಿಸಿ. ಪ್ರತಿ ಸಲವೂ ಹೊಟ್ಟೆ ದೊಡ್ಡದಾಗುತ್ತಲೇ ಬಂತು. 2018ರಲ್ಲಿ ಇಡೀ ಬೈಕನ್ನೇ ಹೊಸದಾಗಿ ಮಾಡಿದರಲ್ಲ, ಆಗ ಎಷ್ಟಾಯಿತು ಗೊತ್ತಾ? 1833. ಹದಿನೇಳು ವರ್ಷಕ್ಕೆ ಒಂದೇ ಒಂದು ಸಿಸಿ!

ಟಾರ್ಕ್ ಪ್ರಿಯ

ಅಜ್ಜಾ, ಆ ಒಂದು ಸಿಸಿ ಸುಮ್ನೆ ಬಂದದ್ದಲ್ಲ. ಬೋರ್ (ಸಿಲಿಂಡರಿನ ಅಗಲ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 71 ಇತ್ತು. ಎರಡನ್ನೂ 73 ಮಾಡಿದರು. ಸಿಲಿಂಡರ್ ಅಗಲ ಒಂದೊಂದಕ್ಕೂ ಒಂದು ಮಿ.ಮೀ. ಕಮ್ಮಿಯಾದರೆ ಎಂಜಿನ್ ಉದ್ದ ಕಮ್ಮಿಯಾಗುತ್ತದೆ. ಸಿಲಿಂಡರಿಗೆ ಎರಡಿದ್ದ ಕವಾಟ ನಾಲ್ಕಾಯಿತು.

ಹಳೇ ಕಾರ್ಬ್

ಅಜ್ಜ ಅಂದದ್ದಕ್ಕೆ ಬೇಜಾರಿಲ್ಲ ಮಗಾ. ಎಂಜಿನ್ ಉದ್ದ ಕಮ್ಮಿ ಮಾಡಿದ್ದು ಯಾತಕ್ಕೆ ಅನ್ನುವುದನ್ನೂ ಹೇಳು ಮತ್ತೆ.

ಸ್ಪ್ಯಾನರ್12

ಅದನ್ನು ನಾನು ಹೇಳುತ್ತೇನೆ, ಯಾಕೆಂದರೆ ಇಡೀ ಬೈಕಿನ ಗುಟ್ಟು ಅಲ್ಲೇ ಇದೆ.

ಮುಂದಿನ ಚಕ್ರ ಹಿಡಿಯುವ ಮಾಮೂಲಿ ಫೋರ್ಕ್ ಓರೆಯಾಗಿ ನಿಂತಿರುತ್ತದೆ. ಗುಂಡಿಗೆ ಬಿದ್ದಾಗ ಚಕ್ರ ಮೇಲಕ್ಕೆ ಬರುವುದರ ಜೊತೆ ಹಿಂದಕ್ಕೂ, ಅಂದರೆ ಎಂಜಿನ್ ಕಡೆಗೂ ಬರುತ್ತದೆ. ಆ ಜಾಗ ಯಾವಾಗಲೂ ಖಾಲಿ ಬಿಟ್ಟಿರಬೇಕು. 2018ರಲ್ಲಿ ಫೋರ್ಕ್ ತೆಗೆದು ಕಾರಿನ ಹಾಗೆ ಡಬಲ್ ವಿಶ್‌ಬೋನ್, ಅಂದರೆ ಮೇಲೊಂದು ಕೆಳಗೊಂದು ತೋಳು, ಹಾಕಿದರು. ಈಗ ಚಕ್ರ ಹೆಚ್ಚುಕಮ್ಮಿ ನೇರವಾಗಿ ಮೇಲೆ ಕೆಳಗೆ ಹೋಗುತ್ತದೆ. ಖಾಲಿ ಜಾಗ ಉಳಿಯಿತು. ಉದ್ದ ಕಮ್ಮಿಯಾದ ಎಂಜಿನ್ನನ್ನು ಮುಂದಕ್ಕೆ ತಳ್ಳಿದರು, ಅದರ ಹಿಂದೆ ಓಡಿಸುವವರೂ ಮುಂದಕ್ಕೆ ಬಂದರು, ಅವರ ಹಿಂದೆ ಕೂತವರೂ. ವಿಂಡ್‌ಶೀಲ್ಡಿಗೆ ಹತ್ತಿರ ಕೂತರೆ ಚಿಕ್ಕ ಶೀಲ್ಡೇ ಸಾಕು. ಚಿಕ್ಕ ಶೀಲ್ಡು, ಚಿಕ್ಕ ಫೇರಿಂಗು, ಭಾರ ಕಮ್ಮಿ. 400 ಕೆ.ಜಿ. ದಾಟಿದ್ದ ಟೂರ್ ಮಾದರಿ 380ರ ಆಸುಪಾಸಿಗೆ ಬಂತು.

ದೂರದಾರಿ ಸರ್ ನೋಡಿದ ಕುಣಿಯುವ ಸರಳು ಇದರದ್ದೇ. ಚಕ್ರ ತಿರುಗಿಸುವುದಕ್ಕೆ ಹ್ಯಾಂಡಲಿನಿಂದ ಸರಳಿನ ಸಂಪರ್ಕ ಮಾತ್ರ. ಭಾರ ಹೊರುವ ಕೆಲಸ ಬೇರೆ ತೋಳುಗಳದ್ದು. ಅದಕ್ಕೇ ಪೆಟ್ಟು ಕೈವರೆಗೆ ಬರುವುದಿಲ್ಲ.

ಲಗೇಜ್ ಜಾಸ್ತಿ

ಎಲ್ಲ ಸರಿ, ಪೆಟ್ಟಿಗೆ ಚಿಕ್ಕದು ಮಾಡಿದ್ದನ್ನು ಯಾಕೆ ಯಾರೂ ಹೇಳ್ತಿಲ್ಲ? 2018ರಲ್ಲಿ ಮೂರೂ ಪೆಟ್ಟಿಗೆ ಸೇರಿ 110 ಲೀಟರ್. ಹಳೆಯದರಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಹಿಡಿಸುತ್ತಿತ್ತು. ಪೆಟ್ರೋಲ್ ಟ್ಯಾಂಕೂ 25 ಲೀಟರಿಂದ 21ಕ್ಕೆ ಇಳಿಯಿತು. ದೂರ ಹೋಗುವವರ ಬೈಕಲ್ವಾ ಇದು?

ಟಾರ್ಕ್ ಪ್ರಿಯ

ಟ್ಯಾಂಕ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹೊಸ ಎಂಜಿನ್ ಕಮ್ಮಿ ಕುಡಿಯುತ್ತದೆ. ಲೀಟರಿಗೆ 17-18 ಸಿಕ್ಕರೂ 350 ಕಿ.ಮೀ. ಆಯಿತು. ಅಷ್ಟು ಹೊತ್ತು ಇಳಿಯದೆ ಕೂರುವವರು ಯಾರು?

ಲಗೇಜ್ ಜಾಸ್ತಿ

ನಾನು ಕೂರ್ತೀನಿ!

ಹಿಂದಿನ ಸೀಟು

ನಮಸ್ಕಾರ. ದೂರದಾರಿ ಅವರ ಮನೆಯವರು ನಾನು. ಇವರು ಬರೆದದ್ದನ್ನೆಲ್ಲ ಓದಿದೆ. 1100 ಕಿ.ಮೀ. ನಾನೂ ಕೂತಿದ್ದೆ. ಆದರೆ ಇಷ್ಟು ಮಾತಿನಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ತಲೆನೋವು ಮಾತ್ರ. ಹಾಗಾಗಿ ನಾನೇ ಬರೆಯುತ್ತೇನೆ.

ಹಿಂದೆ ಕೂತವರಿಗೆ ಟಾರ್ಕ್ ಗೊತ್ತಾಗುವುದಿಲ್ಲ. ಗೊತ್ತಾಗುವುದು "ಟೊಕ್". ನಮ್ಮ ಹಳೆಯ ಬೈಕಿನಲ್ಲಿ ಇವರು ಪ್ರತಿ ಸಲ ಗೇರ್ ಬದಲಿಸುವಾಗ ನನ್ನ ಹೆಲ್ಮೆಟ್ ಹೋಗಿ ಇವರ ಹೆಲ್ಮೆಟ್ಟಿಗೆ ಬಡಿಯುತ್ತದೆ. ಕ್ಲಚ್ ಹಿಡಿದಾಗ ನಾನು ಮುಂದಕ್ಕೆ, ಬಿಟ್ಟಾಗ ಹಿಂದಕ್ಕೆ. ಇವರಿಗೆ ಹ್ಯಾಂಡಲ್ ಇದೆ, ಮುಂದೆ ರಸ್ತೆ ಕಾಣುತ್ತದೆ, ಗೇರ್ ಯಾವಾಗ ಬೀಳುತ್ತದೆ ಅಂತ ಮೊದಲೇ ಗೊತ್ತು. ನನಗೆ ಕಾಣುವುದು ಇವರ ಬೆನ್ನು. ಹಾಗಾಗಿ ಇಡೀ ದಿನ ಹೊಟ್ಟೆ, ಕುತ್ತಿಗೆ ಎರಡನ್ನೂ ಬಿಗಿ ಹಿಡಿದೇ ಕೂತಿರುತ್ತೇನೆ. ಸಂಜೆ ಇಳಿದಾಗ ಸುಸ್ತಾಗಿದೆ ಅಂದರೆ "ನೀನು ಸುಮ್ನೆ ಕೂತಿದ್ದೆ ಅಷ್ಟೇ ಅಲ್ವಾ" ಅನ್ನುತ್ತಾರೆ.

ಆ ಎರಡು ದಿನ ಟೊಕ್ ಇರಲಿಲ್ಲ. ಗೇರ್ ಬದಲಾಗಿದ್ದು ಸದ್ದಿನಿಂದ ಮಾತ್ರ ತಿಳಿಯುತ್ತಿತ್ತು. ಮೊದಲ ಒಂದು ಗಂಟೆ ಅಭ್ಯಾಸಬಲದಿಂದ ಬಿಗಿಯಾಗಿಯೇ ಕೂತಿದ್ದೆ. ಆಮೇಲೆ ಭುಜ ತಾನಾಗಿ ಇಳಿಯಿತು.

ಎರಡನೆಯದು, ಒರಗುವ ದಿಂಬು. ಹಳೆಯ ಬೈಕಿನಲ್ಲಿ ಅದು ಗೋಡೆಯ ಹಾಗೆ ನೆಟ್ಟಗಿದೆ. ಮೂರನೇ ಗಂಟೆಗೆ ಸೊಂಟದ ಹತ್ತಿರ ಜಾಕೆಟ್ಟಿನ ಒಳಪದರ ಸುತ್ತಿ ತುರುಕಿಕೊಳ್ಳುತ್ತೇನೆ. ಇದರಲ್ಲಿ ಅದು ಸ್ವಲ್ಪ ಹಿಂದಕ್ಕೆ ವಾಲಿದೆ, ಒಳಪದರ ಪೆಟ್ಟಿಗೆಯಲ್ಲೇ ಉಳಿಯಿತು.

ಮೂರನೆಯದು ಆ ತಲೆನೋವು. ಶೀಲ್ಡ್ ಪೂರ್ತಿ ಮೇಲಿದ್ದಾಗ ಇವರಿಗೆ ನಿಶ್ಶಬ್ದ. ಇವರ ತಲೆಯ ಮೇಲಿನಿಂದ ಬಂದ ಗಾಳಿ ನನ್ನ ಹೆಲ್ಮೆಟ್ಟಿನ ನೆತ್ತಿಗೆ ಪಟಪಟ ಹೊಡೆಯುತ್ತಿತ್ತು, ಯಾರೋ ಹಾಳೆ ಹಿಡಿದು ಬಡಿಯುತ್ತಿರುವ ಹಾಗೆ. ಎರಡು ಸಲ ಹೇಳಿದೆ. "ಇನ್ನೂ ಎತ್ತಲು ಆಗಲ್ಲ" ಅಂದರು. ಎತ್ತಿ ಅಂತ ನಾನು ಹೇಳಲೇ ಇಲ್ಲ.

ಬಾಕ್ಸರ್ ಭಕ್ತ

ಮೇಡಂ, ಈ ಚರ್ಚೆ ನೀವೇ ಶುರು ಮಾಡಬೇಕಿತ್ತು.

ಸ್ಪ್ಯಾನರ್12

ಅಕ್ಕಾ, ನೀವು ಹೇಳಿದ ಮೂರಕ್ಕೂ ಕಾರಣ ಇದೆ.

ಟೊಕ್: ಡಿಸಿಟಿಯಲ್ಲಿ ಎರಡು ಕ್ಲಚ್ ಇವೆ. 1, 3, 5, 7ನೇ ಗೇರಿಗೆ ಒಂದು, 2, 4, 6ಕ್ಕೆ ಇನ್ನೊಂದು. ಮೂರನೇ ಗೇರಿನಲ್ಲಿ ಹೋಗುವಾಗಲೇ ನಾಲ್ಕನೆಯದು ಸಿದ್ಧವಾಗಿ ನಿಂತಿರುತ್ತದೆ. ಒಂದು ಕ್ಲಚ್ ಬಿಡುವ ಹೊತ್ತಿಗೆ ಇನ್ನೊಂದು ಹಿಡಿದಿರುತ್ತದೆ. ನಡುವೆ ಎಳೆತ ನಿಲ್ಲುವುದೇ ಇಲ್ಲ. ಎಳೆತ ನಿಂತರೆ ತಾನೇ ನೀವು ಮುಂದೆ ಬರುವುದು?

ದಿಂಬು: 2018ರ ಮಾದರಿಯಲ್ಲಿ ಅದರ ವಾಲು 17 ಡಿಗ್ರಿ ಇತ್ತು. 2021ರಲ್ಲಿ 24.5 ಡಿಗ್ರಿ ಮಾಡಿದರು. ಲಗೇಜ್ ಜಾಸ್ತಿ ಅವರಿಗೂ ಒಂದು ಸಮಾಧಾನ: ಅದೇ ವರ್ಷ ಹಿಂದಿನ ಪೆಟ್ಟಿಗೆಯನ್ನು 50ರಿಂದ 61 ಲೀಟರಿಗೆ ಏರಿಸಿದರು. ಆ ವರ್ಷ ಎಂಜಿನ್ ಶಕ್ತಿ ಏರಲಿಲ್ಲ. ಹಿಂದೆ ಕೂತವರ ಬೆನ್ನಿಗೆ ಏಳೂವರೆ ಡಿಗ್ರಿ, ಸಾಮಾನಿಗೆ ಹನ್ನೊಂದು ಲೀಟರು ಸಿಕ್ಕಿತು.

ಗಾಳಿ: ಶೀಲ್ಡ್ ಎತ್ತರ ಆದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಎತ್ತರದ ಶೀಲ್ಡಿನ ಹಿಂದೆ ಗಾಳಿಯ ಒತ್ತಡ ಕಮ್ಮಿಯಾಗುತ್ತದೆ. ಆ ಖಾಲಿ ತುಂಬಲು ಮೇಲಿನ, ಪಕ್ಕದ ಗಾಳಿ ಸುಳಿಸುಳಿಯಾಗಿ ಒಳನುಗ್ಗುತ್ತದೆ. ಆ ಸುಳಿ ಎಲ್ಲಿ ಇಳಿಯುತ್ತದೋ ಅಲ್ಲಿ ಪಟಪಟ. ನಿಮ್ಮಿಬ್ಬರಲ್ಲಿ ಅದು ಇಳಿದದ್ದು ನಿಮ್ಮ ನೆತ್ತಿಗೆ. ಶೀಲ್ಡಿನ ಮೇಲಂಚು ಓಡಿಸುವವರ ಮೂಗಿನ ಮಟ್ಟಕ್ಕೆ ಬರುವ ಹಾಗೆ ಇಟ್ಟು, ಅಲ್ಲಿಂದ ಎರಡು ಬೆರಳು ಮೇಲೆ, ಎರಡು ಬೆರಳು ಕೆಳಗೆ ಮಾಡಿ ನೋಡಬೇಕು. ಅಂಚಿನ ಮೇಲಿಂದ ರಸ್ತೆ ಕಾಣಬೇಕು, ಪ್ಲಾಸ್ಟಿಕ್ ಒಳಗಿನಿಂದ ಅಲ್ಲ. ರಾತ್ರಿ, ಮಳೆ ಎರಡರಲ್ಲೂ ಅದು ಉಪಯೋಗಕ್ಕೆ ಬರುತ್ತದೆ.

ಕಿವಿಯ ವಿಷಯವನ್ನೂ ಸೇರಿಸುತ್ತೇನೆ. 100 ಕಿ.ಮೀ. ವೇಗ ದಾಟಿದರೆ ಹೆಲ್ಮೆಟ್ ಒಳಗಿನ ಗಾಳಿಯ ಸದ್ದು 90 ಡೆಸಿಬೆಲ್ ಮೀರುತ್ತದೆ. ದಿನವಿಡೀ ಅದನ್ನು ಕೇಳಿದರೆ ಕಿವಿಗೂ ಪೆಟ್ಟು, ಸುಸ್ತೂ ಜಾಸ್ತಿ. ನಿಮ್ಮಲ್ಲಿ ಕಾನೂನು ಅಡ್ಡ ಬರದಿದ್ದರೆ ಇಯರ್‌ಪ್ಲಗ್ ಇಬ್ಬರೂ ಹಾಕಿಕೊಳ್ಳಿ.

ಕ್ಲಚ್ ಬೇಕೇ ಬೇಕು

ಟೊಕ್ ನಿಲ್ಲಿಸಲು ಡಿಸಿಟಿ ಯಾಕೆ, ಕೈ ಪಳಗಿದ್ದರೆ ಸಾಕು. ಥ್ರಾಟಲ್ ಪೂರ್ತಿ ಬಿಡದೆ ಮೆತ್ತಗೆ ಗೇರ್ ಹಾಕುವವರ ಹಿಂದೆ ಕೂತರೆ ಹೆಲ್ಮೆಟ್ ತಾಗುವುದಿಲ್ಲ. ಕ್ಲಚ್ ಇಲ್ಲದ ಬೈಕು ಬೈಕೇ ಅಲ್ಲ. ಈಗ ಬಿಎಂಡಬ್ಲ್ಯು ಆರ್1300ಆರ್‌ಟಿಯಲ್ಲೂ ಕ್ಲಚ್ ಹಿಡಿಕೆ ಇಲ್ಲದ ಆಯ್ಕೆ ತಂದಿದ್ದಾರೆ. ನಾಳೆ ಹ್ಯಾಂಡಲ್ಲೂ ಬೇಡ ಅಂತಾರೆ.

ಹಿಂದಿನ ಸೀಟು

ಕೈ ಪಳಗಲು ಹನ್ನೆರಡು ವರ್ಷ ಸಾಕಾಗಲ್ವಾ ಸರ್?

ಕ್ಲಚ್ ಬೇಕೇ ಬೇಕು

ಇದಕ್ಕೆ ಉತ್ತರ ದೂರದಾರಿ ಅವರೇ ಕೊಡಲಿ.

ದೂರದಾರಿ

ನಾನು ಊಟಕ್ಕೆ ಹೋಗಿದ್ದೇನೆ.

ಕುಳ್ಳ ಕಾಲು

ನನ್ನಂಥವರ ಕಡೆಯಿಂದ ಒಂದು ಮಾತು. ಕಾಲು ನೆಲಕ್ಕೆ ಸಿಗದಿದ್ದರೆ ಯಾವ ಟಾರ್ಕೂ ಬೇಡ. ಗೋಲ್ಡ್ ವಿಂಗ್ ಸೀಟು 745 ಮಿ.ಮೀ. ಎತ್ತರ. ಆರ್1250ಆರ್‌ಟಿ ಮಾಮೂಲಿ ಸೀಟು 805 ಅಥವಾ 825. ಭಾರ ನೋಡಿದರೆ ಆರ್‌ಟಿ ಎಷ್ಟೋ ಹಗುರ. ಆದರೂ ನನಗೆ ಧೈರ್ಯ ಬಂದದ್ದು ಗೋಲ್ಡ್ ವಿಂಗಿನಲ್ಲಿ. ಎರಡೂ ಪಾದ ಪೂರ್ತಿ ಊರಿ ನಿಲ್ಲುತ್ತೇನೆ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ದರೂ ಬಟನ್ ಒತ್ತಿದರೆ ನಡಿಗೆಗಿಂತ ನಿಧಾನವಾಗಿ ಹಿಂದಕ್ಕೆ ಬರುತ್ತದೆ. ಮೊದಲೆಲ್ಲ ನಿಲ್ಲಿಸುವ ಜಾಗ ಹುಡುಕುವುದರಲ್ಲೇ ಅರ್ಧ ಜೀವ ಹೋಗುತ್ತಿತ್ತು.

ಹಳೇ ಕಾರ್ಬ್

ಸೀಟಿನ ಮೆತ್ತೆಯ ಬಗ್ಗೆ ನನ್ನ ಮೂರ್ಖತನವನ್ನೂ ಬರೆದುಬಿಡುತ್ತೇನೆ, ಯಾರಿಗಾದರೂ ಅನುಕೂಲವಾಗಲಿ.

ಕೆಲವು ವರ್ಷದ ಹಿಂದೆ ಸೀಟು ಗಟ್ಟಿ ಅನ್ನಿಸಿ ಒಬ್ಬರ ಹತ್ತಿರ ಬಿಚ್ಚಿಸಿ ಮೆತ್ತನೆ ಸ್ಪಂಜು, ಮೇಲೆ ಜೆಲ್ ಪದರ ಹಾಕಿಸಿದೆ. ಅಂಗಡಿಯಲ್ಲಿ ಕೂತು ನೋಡಿದಾಗ ಸೋಫಾ. ಮೊದಲ ಗಂಟೆ ಸೋಫಾ. ಎರಡನೇ ಗಂಟೆಗೆ ಸ್ಪಂಜು ಪೂರ್ತಿ ಕುಸಿದು, ಕೂರುವ ಎರಡು ಮೂಳೆ ಸೀದಾ ಕೆಳಗಿನ ಹಲಗೆಗೆ ತಾಗಿದ ಹಾಗಾಯಿತು. ಬಿಸಿಲಲ್ಲಿ ಹತ್ತು ನಿಮಿಷ ನಿಲ್ಲಿಸಿ ಬಂದರೆ ಜೆಲ್ ಕಾದ ಕಾವಲಿ. ಜೆಲ್ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಬಿಡುವುದಿಲ್ಲ. ದುಡ್ಡು ಕೊಟ್ಟು ನೋವು ತಗೊಂಡೆ.

ಆಮೇಲೆ ಗೊತ್ತಾಯಿತು. ದೂರಕ್ಕೆ ಬೇಕಾದದ್ದು ಗಟ್ಟಿ ಸ್ಪಂಜು ಮತ್ತು ಅಗಲ. ಭಾರ ಎರಡು ಮೂಳೆಯ ಮೇಲೆ ಬೀಳದೆ ತೊಡೆಯವರೆಗೂ ಹರಡಬೇಕು. ಅಂಗಡಿಯಲ್ಲಿ ಕೂತಾಗ ಇದು ಚೂರು ಒರಟು ಅನ್ನಿಸಿದರೆ ಭಯ ಬೇಡ. ಮೇಲೆ ಕುರಿಯ ಚರ್ಮ ಹಾಸಿಕೊಂಡೆ. ನೋಡಲು ಚಂದವಿಲ್ಲ, ಆದರೆ ಕೂದಲಿನ ನಡುವೆ ಗಾಳಿಯಾಡುತ್ತದೆ, ಬೆವರು ನಿಲ್ಲುವುದಿಲ್ಲ.

ಟಾರ್ಕ್ ಪ್ರಿಯ

ಕೈ ಜೋಮು ಹಿಡಿಯುವುದರ ಬಗ್ಗೆ ಯಾರೂ ಹೇಳಲಿಲ್ಲ. ಸಾಲಾಗಿ ನಾಲ್ಕು ಸಿಲಿಂಡರ್ ಇರುವ ಎಂಜಿನ್ನಿನಲ್ಲಿ ಒಂದು ಸಣ್ಣ, ವೇಗದ ನಡುಕ ಉಳಿದೇ ಇರುತ್ತದೆ. ಎಂಜಿನ್ ಒಂದು ಸುತ್ತು ಸುತ್ತಿದರೆ ಅದು ಎರಡು ಸಲ ನಡುಗುತ್ತದೆ. ಎದುರುಬದುರು ಆರು ಸಿಲಿಂಡರ್ ಇದ್ದರೆ ಅವುಗಳ ನಡುಕ ಒಂದನ್ನೊಂದು ಹೊಡೆದು ಹಾಕುತ್ತದೆ. ದೂರದಾರಿ ಅವರೇ, ನಿಮ್ಮ ಹಳೆಯ ಬೈಕಿನಲ್ಲಿ ಬಲಗೈ ಕಿರುಬೆರಳು, ಉಂಗುರ ಬೆರಳು ಜುಮ್ ಅನ್ನುತ್ತಾ?

ದೂರದಾರಿ

ಊಟ ಆಯಿತು. ಹೌದು, ಮೂರನೇ ಗಂಟೆಗೆ. ಥ್ರಾಟಲ್ ಬಿಟ್ಟು ತೊಡೆಗೆ ಕೈ ಬಡಿದುಕೊಳ್ಳುತ್ತೇನೆ. ಗೋಲ್ಡ್ ವಿಂಗಿನಲ್ಲಿ ಆಗಲಿಲ್ಲ. ಅದು ಎಂಜಿನ್ನಿಂದಲೋ, ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಹಾಕಿ ಕೈ ಸಡಿಲ ಬಿಟ್ಟದ್ದರಿಂದಲೋ ಹೇಳಲು ಬರಲ್ಲ.

ಸ್ಪ್ಯಾನರ್12

ಎರಡೂ. ಹಳೆಯದಕ್ಕೆ ಹ್ಯಾಂಡಲ್ ತುದಿಯಲ್ಲಿ ಭಾರದ ಗುಂಡು ಹಾಕಿಸಿ, ದಪ್ಪ ಗ್ರಿಪ್ ಹಾಕಿಸಿ. ನಡುಕ ಹೋಗಲ್ಲ, ಕಮ್ಮಿಯಾಗುತ್ತದೆ. ಹ್ಯಾಂಡಲನ್ನು ಎರಡು ಸೆಂಟಿಮೀಟರ್ ಎತ್ತಿ ಹಿಂದಕ್ಕೆ ತಂದರೆ ಅಂಗೈ ಮೇಲೆ ಬೀಳುವ ಮೈಭಾರವೂ ಇಳಿಯುತ್ತದೆ.

ಪರದೆ ಪ್ರೇಮಿ

ಮೊಬೈಲ್ ಜೋಡಿಸುವುದು, ದೊಡ್ಡ ಪರದೆ, ಮ್ಯಾಪ್, ರೇಡಾರ್ ಕ್ರೂಸ್... ಇದ್ಯಾವುದಕ್ಕೂ ಬೆಲೆಯೇ ಇಲ್ವಾ ಇಲ್ಲಿ?

ಬಾಕ್ಸರ್ ಭಕ್ತ

2021ರ ಆರ್‌ಟಿಗೆ ಬಂದ ರೇಡಾರ್ ಕ್ರೂಸಿಗೆ ಬೆಲೆ ಇದೆ. ಮುಂದಿನ ವಾಹನ ನಿಧಾನವಾದರೆ ಬೈಕೂ ತಾನಾಗಿ ನಿಧಾನವಾಗುತ್ತದೆ. ಸಂಜೆ ಹೊತ್ತು ತಲೆ ಮಂಕಾದಾಗ ಅದರ ಸಹಾಯ ತಿಳಿಯುತ್ತದೆ. ನಿಂತ ವಾಹನಕ್ಕೆ ಅದನ್ನು ನಂಬಬೇಡಿ, ಬ್ರೇಕ್ ನಿಮ್ಮದೇ. ಹತ್ತು ಇಂಚಿನ ಪರದೆ ಮೊದಲ ವಾರ ಚಂದ. ಆಮೇಲೆ ನಾನು ನೋಡುವುದು ವೇಗ ಮತ್ತು ಪೆಟ್ರೋಲ್ ಎರಡೇ.

ದೂರದಾರಿ

ಎಲ್ಲರಿಗೂ ಧನ್ಯವಾದ. ಮುಂದಿನ ಸುದ್ದಿ ಹೇಳುತ್ತೇನೆ.

ಗೆಳೆಯನ ಕೈಕಾಲು ಹಿಡಿದು ಮತ್ತೆ ಒಂದು ದಿನಕ್ಕೆ ಬೈಕ್ ತಗೊಂಡೆ. ಎರಡು ಹೆಲ್ಮೆಟ್ ಮತ್ತು ಪೆಟ್ಟಿಗೆಯ ಚಿತ್ರ ಬರುವವರೆಗೆ ಬಟನ್ ಒತ್ತಿದೆ. ಹಿಂಭಾಗ ಮೆಲ್ಲಗೆ ಎದ್ದದ್ದು ಕೂತಲ್ಲೇ ತಿಳಿಯಿತು. ಅದೇ ರಸ್ತೆ, ಅದೇ ಗುಂಡಿ, ಧಡ್ ಇಲ್ಲ. ಶೀಲ್ಡನ್ನು ಮೂಗಿನ ಮಟ್ಟಕ್ಕಿಳಿಸಿ, ಓಡುತ್ತಿರುವಾಗಲೇ ಇಂಟರ್‌ಕಾಮಿನಲ್ಲಿ ಕೇಳುತ್ತಾ ಹೋದೆ. "ಇನ್ನೂ... ಇನ್ನೂ... ಹಾಂ, ನಿಲ್ಸಿ" ಅಂದರು. ನನ್ನ ಹೆಲ್ಮೆಟ್ಟಿನ ಮೇಲ್ಭಾಗಕ್ಕೆ ಸ್ವಲ್ಪ ಗಾಳಿ ಬಂತು, ಪರವಾಗಿಲ್ಲ.

ಹೊಸದು ತಗೊಳ್ಳುವುದನ್ನು ಸದ್ಯಕ್ಕೆ ಮುಂದೆ ಹಾಕಿದ್ದೇನೆ. ಹಳೆಯದರ ಪ್ರೀಲೋಡ್ ತಿರುಪು ಎಲ್ಲಿದೆ ಅಂತ ಹನ್ನೆರಡು ವರ್ಷದಲ್ಲಿ ಮೊದಲ ಸಲ ಹುಡುಕಿದೆ. ಸೀಟಿನ ಕೆಳಗೆ, ಕೆಸರು ಮೆತ್ತಿಕೊಂಡು ಕೂತಿತ್ತು. ಗಟ್ಟಿ ಸ್ಪಂಜು, ಎತ್ತರ ಹೆಚ್ಚುಕಮ್ಮಿ ಮಾಡಬಹುದಾದ ಶೀಲ್ಡು, ಹಿಂದಿನ ದಿಂಬಿಗೆ ಓರೆಯ ತುಂಡು, ಇವು ಮೊದಲು. ಟಾರ್ಕನ್ನು ಮಾತ್ರ ಎಲ್ಲಿಂದಲೂ ತಂದು ಅಂಟಿಸಲು ಬರಲ್ಲ, ಅದೊಂದು ಹೊಟ್ಟೆಯುರಿ ಉಳಿದಿದೆ.

ಹಿಂದಿನ ಸೀಟು

ಅವರ ಬೈಕ್ ವಾಪಸ್ ಕೊಟ್ಟು, ನಮ್ಮದನ್ನು ಹತ್ತಿಕೊಂಡು ಮನೆಗೆ ಹೊರಟೆವು. ಮೊದಲ ತಿರುವು ಬರುವ ಮೊದಲೇ ಟೊಕ್. ಮನೆಯವರೆಗೆ ಎಣಿಸಿದೆ. ಹದಿನೇಳು.

ಸ್ಪ್ಯಾನರ್12

ಸರ್, ಹೈಡ್ರಾಲಿಕ್ ಕ್ಲಚ್ಚಾ ನಿಮ್ಮದು? ಫ್ಲೂಯಿಡ್ ಬದಲಿಸಿ ಎಷ್ಟು ವರ್ಷ ಆಯಿತು?

ದೂರದಾರಿ

ಅದನ್ನೂ ಬದಲಿಸಬೇಕಾ?